ಡ್ರೋನ್ ಚಿತ್ರ ನೋಡಿ ಸೆಟ್‌ಬ್ಯಾಕ್ ನೋಟಿಸ್: ಚಿತ್ರವನ್ನೇ ಪ್ರಶ್ನಿಸಬಹುದೇ?

ತಾರಸಿಮನೆ (ಪ್ರಶ್ನೆ)

ಬೆಂಗಳೂರಿನಾಚೆಯ ಒಂದು ಮಹಾನಗರ ಪಾಲಿಕೆ. 30×40 ಅಡಿ ನಿವೇಶನ, ನೆಲಮಹಡಿ ಮತ್ತು ಮೇಲೊಂದು ಮಹಡಿಗೆ ನಕ್ಷೆ ಮಂಜೂರಾಗಿದೆ. ಪಕ್ಕದ ಮನೆಯವರು ಡ್ರೋನ್ ಹಾರಿಸಿ ತೆಗೆದ ವಿಡಿಯೊ ಮತ್ತು ಗೂಗಲ್ ಅರ್ಥ್ ಚಿತ್ರವನ್ನು ದೂರಿನ ಜೊತೆ ಕೊಟ್ಟಿದ್ದಾರೆ. ಅದರ ಮೇಲೆ ಮಹಾನಗರ ಪಾಲಿಕೆಗಳ ಕಾಯ್ದೆಯ ಕಲಂ 321(1) ಮತ್ತು (2)ರ ನೋಟಿಸ್ ಬಂದಿದೆ. ಆಕ್ಷೇಪ ಎರಡು: ಎಡಬದಿ ಸೆಟ್‌ಬ್ಯಾಕ್ (ಗಡಿಯಿಂದ ಗೋಡೆಯವರೆಗೆ ಬಿಡಬೇಕಾದ ಜಾಗ) 1 ಮೀಟರ್ ಇರಬೇಕಿತ್ತು, 0.4 ಮೀಟರ್ ಇದೆ. ತಾರಸಿಯಲ್ಲಿ ಹೆಡ್‌ರೂಮಿಗೆ (ಮೆಟ್ಟಿಲ ಮೇಲಿನ ಮುಚ್ಚಿದ ಗೂಡು) ತಾಗಿದ 10×12 ಅಡಿ ಶೀಟಿನ ಕೋಣೆ ನಕ್ಷೆಯಲ್ಲಿಲ್ಲ. ಸ್ಥಳಕ್ಕೆ ಬಂದು ಯಾರೂ ಟೇಪ್ ಹಿಡಿದಿಲ್ಲ.

1. ಮೇಲಿಂದ ತೆಗೆದ ಚಿತ್ರದಲ್ಲಿ ಸೆಟ್‌ಬ್ಯಾಕ್ ಅಳೆಯಬಹುದೇ?
2. ಅನುಮತಿ ಕೇಳದೆ ನಮ್ಮ ತಾರಸಿಯ ವಿಡಿಯೊ ತೆಗೆದದ್ದು ಖಾಸಗಿತನದ ಉಲ್ಲಂಘನೆ ಅಲ್ಲವೇ? ಆ ಕಾರಣಕ್ಕೆ ನೋಟಿಸ್ ಬಿದ್ದುಹೋಗುತ್ತದೆಯೇ?
3. ಗೂಗಲ್‌ಗೆ ಹೇಳಿ ಮನೆಯನ್ನು ಮಸುಕು ಮಾಡಿಸಬಹುದೇ?

ಅಳತೆಪಟ್ಟಿ

ಮೊದಲ ಪ್ರಶ್ನೆಗಷ್ಟೇ ಉತ್ತರಿಸುತ್ತೇನೆ.

0.4 ಅಂದ ಕೂಡಲೇ ಅನುಮಾನ ಬರಬೇಕಾದದ್ದು ಸಜ್ಜಾದ ಮೇಲೆ. ಮೇಲಿಂದ ನೋಡಿದರೆ ಗೋಡೆ ಕಾಣುವುದಿಲ್ಲ, ಸಜ್ಜಾದ ಅಂಚು ಕಾಣುತ್ತದೆ. ಗೋಡೆಯಿಂದ 60 ಸೆಂ.ಮೀ. ಸಜ್ಜಾ ಚಾಚಿದ್ದರೆ 1 ಮೀಟರ್ ಜಾಗದಲ್ಲಿ ಆಕಾಶಕ್ಕೆ ಕಾಣುವುದು 40 ಸೆಂ.ಮೀ. ಮಾತ್ರ. ನೋಟಿಸಿನ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತದೆ, ನೋಡಿ. ಹಾಗಂತ ಸಜ್ಜಾ ಎಷ್ಟು ಬೇಕಾದರೂ ಚಾಚಬಹುದು ಅಂತಲ್ಲ. ಅದಕ್ಕೂ ಪಾಲಿಕೆಯ ಕಟ್ಟಡ ಬೈಲಾದಲ್ಲಿ (ಉಪನಿಯಮ) ಮಿತಿ ಇರುತ್ತದೆ. ಮಂಜೂರಾದ ನಕ್ಷೆಯ ಅಡ್ಡಸೀಳು ಚಿತ್ರದಲ್ಲಿ ಎಷ್ಟು ತೋರಿಸಿದ್ದಾರೆ ಅಂತ ಮೊದಲು ನೋಡಿಕೊಳ್ಳಿ.

ಎರಡನೆಯ ಕಾರಣ ಓರೆ. ಉಪಗ್ರಹ ನೆತ್ತಿಯ ಮೇಲೇ ನಿಂತು ಚಿತ್ರ ತೆಗೆಯುವುದು ಅಪರೂಪ. 20 ಡಿಗ್ರಿ ಓರೆಯಿಂದ ತೆಗೆದರೆ 7 ಮೀಟರ್ ಎತ್ತರದಲ್ಲಿರುವ ಪ್ಯಾರಪೆಟ್ (ತಾರಸಿಯ ಅಂಚಿನ ಗೋಡೆ) ತನ್ನ ಬುಡದಿಂದ ಸುಮಾರು 2.5 ಮೀಟರ್ ಆಚೆ ಬಿದ್ದಂತೆ ಕಾಣುತ್ತದೆ. ಒಂದು ಮೀಟರ್ ಓಣಿ ಪೂರ್ತಿ ಮುಚ್ಚಿಹೋಗಲು ಅಷ್ಟು ಸಾಕು. ಡ್ರೋನ್ ವಿಡಿಯೊ ಇನ್ನೂ ಕೆಟ್ಟದು. 60 ಮೀಟರ್ ಎತ್ತರದಲ್ಲಿರುವ ಡ್ರೋನಿನ ಕೆಳಗಿನ ಬಿಂದುವಿನಿಂದ ಮನೆ 30 ಮೀಟರ್ ದೂರದಲ್ಲಿದ್ದರೆ ಅದೇ ಪ್ಯಾರಪೆಟ್ ಸುಮಾರು 4 ಮೀಟರ್ ಸರಿದು ಕಾಣುತ್ತದೆ. ಇದನ್ನು ಸರಿಪಡಿಸಲು ಹತ್ತಾರು ಚಿತ್ರಗಳನ್ನು ಒಂದರ ಮೇಲೊಂದು ಬರುವಂತೆ ತೆಗೆದು, ನೆಲದಲ್ಲಿ ಗುರುತು ಬಿಂದು ಇಟ್ಟು, ಮೂರು ಆಯಾಮದ ಮಾದರಿ ಮಾಡಿ ಟ್ರೂ ಆರ್ಥೊ (ಓರೆಯೆಲ್ಲ ತೆಗೆದು ನೇರ ಮೇಲಿಂದ ಕಂಡಂತೆ ಮಾಡಿದ ಚಿತ್ರ) ತೆಗೆಯಬೇಕು. ಒಂದು ವಿಡಿಯೊ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದು ಅದರ ಮೇಲೆ ಗೆರೆ ಎಳೆದರೆ ಅದು ಅಳತೆಯಲ್ಲ.

ಇನ್ನು ಮೊಬೈಲಿನ ಜಿಪಿಎಸ್ ಗುರುತು. ಬಯಲಿನಲ್ಲೇ 3–5 ಮೀಟರ್ ಆಚೀಚೆ. ಎತ್ತರದ ಮನೆಗಳ ನಡುವೆ ಇನ್ನೂ ಜಾಸ್ತಿ. ಯಾವ ರಸ್ತೆಯ ಮನೆ ಅಂತ ತಿಳಿಯಲು ಅದು ಸಾಕು, ಸೆಟ್‌ಬ್ಯಾಕಿಗೆ ಸಾಲದು.

ಅಳೆಯುವ ಕ್ರಮ ಹೀಗೆ:

ನಿವೇಶನದ ಮೂಲೆಗಲ್ಲುಗಳಿಂದ ಶುರು ಮಾಡಿ, ಕಾಂಪೌಂಡಿನಿಂದ ಅಲ್ಲ. ಕಾಂಪೌಂಡ್ ಗಡಿಯ ಮೇಲೇ ಇದೆ ಅನ್ನುವ ಖಾತ್ರಿ ಇಲ್ಲ. ಕಾಂಪೌಂಡ್ ಗೋಡೆಯ ಒಳಮುಖದಿಂದ ಅಳೆದರೆ ಅರ್ಧ ಅಡಿ ಅಲ್ಲೇ ಹೋಗುತ್ತದೆ. 30×40ರಲ್ಲಿ ಕರ್ಣ ಸರಿಯಾಗಿ 50 ಅಡಿ ಬರಬೇಕು. ಎರಡೂ ಕರ್ಣ ಸಮ ಬರದಿದ್ದರೆ ನಿವೇಶನವೇ ಓರೆ ಇದೆ ಎಂದರ್ಥ, ಆಗ ಒಂದೇ ಕಡೆಯ ಅಳತೆ ನಂಬಬೇಡಿ. ಮುಂದೆ, ನಡುವೆ, ಹಿಂದೆ ಮೂರು ಕಡೆ ಗಡಿಯಿಂದ ಗೋಡೆಯ ಹೊರಮುಖದವರೆಗೆ ಉಕ್ಕಿನ ಟೇಪಿನಲ್ಲಿ ಅಳೆಯಿರಿ. ಬಟ್ಟೆಯ ಟೇಪ್ ಎಳೆದಂತೆ ಹಿಗ್ಗುತ್ತದೆ. ಲೇಸರ್ ಮೀಟರ್ ಬಳಸಿದರೆ ಮಟ್ಟವಾಗಿ ಹಿಡಿಯಿರಿ. ಮೇಲಿನ ಮಹಡಿ ಹೊರಕ್ಕೆ ಬಂದಿದ್ದರೆ ತೂಗುಗುಂಡು ಇಳಿಬಿಟ್ಟು ನೆಲಕ್ಕೆ ಗುರುತು ತಂದು ಅಳೆಯಿರಿ. ಗೋಡೆಗೆ ಆಮೇಲೆ ಕಲ್ಲು ಹೊದಿಸಿದ್ದರೆ ಅದರ ದಪ್ಪವನ್ನೂ ಬರೆದಿಡಿ. ಗಾರೆ ಸೇರಿ 4–5 ಸೆಂ.ಮೀ. ಸುಲಭವಾಗಿ ಆಗುತ್ತದೆ.

ಈ 5 ಸೆಂ.ಮೀ. ಸಣ್ಣದಲ್ಲ. ಬೆಂಗಳೂರಿನ 2003ರ ಬೈಲಾದಲ್ಲಿ ಶೇ. 5ರವರೆಗಿನ ವ್ಯತ್ಯಾಸವನ್ನು ದಂಡ ಕಟ್ಟಿಸಿಕೊಂಡು ಒಪ್ಪುವ ಅವಕಾಶವಿತ್ತು. 1 ಮೀಟರಿಗೆ ಶೇ. 5 ಅಂದರೆ ಅಷ್ಟೇ, 5 ಸೆಂ.ಮೀ. ನಿಮ್ಮ ಪಾಲಿಕೆಯ ಬೈಲಾದಲ್ಲಿ ಎಷ್ಟಿದೆ ನೋಡಿಕೊಳ್ಳಿ.

ಕಡತ_ವಿಲೇವಾರಿ

ಎರಡನೆಯ ಪ್ರಶ್ನೆ. ಬಿದ್ದುಹೋಗುವುದಿಲ್ಲ. ಅದೇ ವಾದ ಹಿಡಿದುಕೊಂಡು ಹೋದರೆ ಉತ್ತರಿಸುವ ಅವಧಿಯೇ ಮುಗಿದುಹೋಗುತ್ತದೆ.

ತಪ್ಪು ದಾರಿಯಲ್ಲಿ ಸಿಕ್ಕಿದ ಸಾಕ್ಷ್ಯವೂ ವಿಷಯಕ್ಕೆ ಸಂಬಂಧಪಟ್ಟಿದ್ದರೆ ಪರಿಗಣಿಸಬಹುದು ಅನ್ನುವುದು ನಮ್ಮಲ್ಲಿ 1974ರ ಪೂರಣ್ ಮಲ್ ಪ್ರಕರಣದಿಂದಲೂ ಸುಪ್ರೀಂ ಕೋರ್ಟಿನ ನಿಲುವು. ಅಮೆರಿಕದ ಮಿಷಿಗನ್ ರಾಜ್ಯದ ಲಾಂಗ್ ಲೇಕ್ ಟೌನ್‌ಶಿಪ್ ಪ್ರಕರಣ ಇದಕ್ಕೆ ಹತ್ತಿರದ್ದು. ವಾರಂಟ್ ಇಲ್ಲದೆ ಡ್ರೋನ್ ಹಾರಿಸಿ ಒಬ್ಬರ ಜಮೀನಿನ ಚಿತ್ರ ತೆಗೆದು ವಲಯ ನಿಯಮದ ಉಲ್ಲಂಘನೆ ಅಂತ ಸ್ಥಳೀಯ ಆಡಳಿತ ದಾವೆ ಹೂಡಿತ್ತು. ಹಾಗೆ ಹಾರಿಸಿದ್ದು ತಪ್ಪೇ ಆಗಿದ್ದರೂ ಇಂಥ ಸಿವಿಲ್ ಪ್ರಕರಣದಲ್ಲಿ ಚಿತ್ರಗಳನ್ನು ಹೊರಗಿಡಬೇಕಿಲ್ಲ ಎಂದು 2024ರ ಮೇ ತಿಂಗಳಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು.

ಪುಟ್ಟಸ್ವಾಮಿ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟಿನ 2017ರ ಆಗಸ್ಟ್ 24ರ ತೀರ್ಪು ಖಾಸಗಿತನವನ್ನು ಮೂಲಭೂತ ಹಕ್ಕು ಅಂದದ್ದು ನಿಜ. ಅದರ ಜೊತೆಗೇ ಕಾನೂನಿನ ಆಧಾರ, ನ್ಯಾಯವಾದ ಉದ್ದೇಶ, ಉದ್ದೇಶಕ್ಕೆ ತಕ್ಕಷ್ಟೇ ಕ್ರಮ ಇದ್ದರೆ ಸರ್ಕಾರ ಆ ಹಕ್ಕನ್ನು ಮಿತಿಗೊಳಿಸಬಹುದು ಅಂತಲೂ ಹೇಳಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಉಲ್ಲೇಖಿಸೋಣ ಅನ್ನುವವರು ಅದರ ಕಲಂ 17 ಓದಿ. ಕಾನೂನು ಉಲ್ಲಂಘನೆಯ ಪತ್ತೆ ಮತ್ತು ತನಿಖೆಗೆ ಬಳಸುವ ದತ್ತಾಂಶಕ್ಕೆ ಅಲ್ಲೇ ದೊಡ್ಡ ವಿನಾಯಿತಿ ಇದೆ.

ಪಕ್ಕದವರ ಡ್ರೋನಿನ ಬಗ್ಗೆ ದೂರು ಕೊಡಬೇಕಿದ್ದರೆ ಬೇರೆಯಾಗಿಯೇ ಕೊಡಿ. 2021ರ ಡ್ರೋನ್ ನಿಯಮಗಳಲ್ಲಿ 250 ಗ್ರಾಂ ಒಳಗಿನ ನ್ಯಾನೊ ಡ್ರೋನಿಗೆ ಪೈಲಟ್ ಪ್ರಮಾಣಪತ್ರ ಬೇಡ, ಹಸಿರು ವಲಯದಲ್ಲಿ (ಮುಂಚಿತ ಅನುಮತಿ ಬೇಡದ ವಾಯುಪ್ರದೇಶ) 400 ಅಡಿವರೆಗೆ ಹಾರಿಸಬಹುದು. ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ನಡುವೆ ಆ ಮಿತಿ 200 ಅಡಿ. ನಿಮ್ಮ ಬಡಾವಣೆ ಯಾವ ವಲಯದಲ್ಲಿದೆ ಅಂತ ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ನೋಡಿ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಅನ್ವಯವಾಗುವುದು ದೇಹದ ಖಾಸಗಿ ಭಾಗಗಳ ಚಿತ್ರಕ್ಕೆ. ತಂತಿಯ ಮೇಲೆ ಒಣಗಿದ ಬಟ್ಟೆ, ನೀರಿನ ಟ್ಯಾಂಕ್ ಕಂಡಿದೆ ಅಂದರೆ ಆ ಕಲಂ ಹತ್ತುವುದಿಲ್ಲ.

ನೋಟಿಸಿಗೆ ಬರೋಣ. 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆಯಲ್ಲಿ 321(1) ತಾತ್ಕಾಲಿಕ ಆದೇಶ, (2) ಕಾರಣ ಕೇಳುವ ನೋಟಿಸ್, (3) ದೃಢೀಕರಣ. ನೀವಿರುವುದು ಎರಡನೇ ಮೆಟ್ಟಿಲಲ್ಲಿ. ಸುಮ್ಮನಿದ್ದರೆ ಮೂರನೆಯದು ತಾನಾಗಿ ಬರುತ್ತದೆ. 2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ನೆಲಸಮದ ಬಗ್ಗೆ ಕೊಟ್ಟ ನಿರ್ದೇಶನಗಳು ಇಲ್ಲಿ ಕೆಲಸಕ್ಕೆ ಬರುತ್ತವೆ. ಉತ್ತರಕ್ಕೆ ಸ್ಥಳೀಯ ಕಾಯ್ದೆ ಕೊಟ್ಟ ಅವಧಿ ಅಥವಾ ನೋಟಿಸ್ ಮುಟ್ಟಿದ ದಿನದಿಂದ 15 ದಿನ, ಇವೆರಡರಲ್ಲಿ ಯಾವುದು ಹೆಚ್ಚೋ ಅದು. ನೋಟಿಸಿನಲ್ಲಿ ಯಾವ ಭಾಗ, ಯಾವ ಉಲ್ಲಂಘನೆ ಅನ್ನುವುದು ನಿರ್ದಿಷ್ಟವಾಗಿರಬೇಕು. ಖುದ್ದು ವಿಚಾರಣೆ ಕೊಡಬೇಕು. ಅಂತಿಮ ಆದೇಶದಲ್ಲಿ ಈ ಉಲ್ಲಂಘನೆ ದಂಡ ಕಟ್ಟಿ ಸರಿಪಡಿಸಬಹುದಾದದ್ದೇ, ಅಲ್ಲದಿದ್ದರೆ ಕೆಡವುವುದೊಂದೇ ದಾರಿ ಯಾಕೆ ಅಂತ ಬರೆಯಬೇಕು. ಆ ಆದೇಶದ ಮೇಲೂ 15 ದಿನ ಕೈಹಚ್ಚುವಂತಿಲ್ಲ. ರಸ್ತೆ, ಫುಟ್‌ಪಾತ್, ರೈಲು ಹಳಿಯ ಬದಿ, ಜಲಮೂಲದಂಥ ಸಾರ್ವಜನಿಕ ಜಾಗದ ಒತ್ತುವರಿಗೆ ಮತ್ತು ನ್ಯಾಯಾಲಯವೇ ಕೆಡವಲು ಆದೇಶಿಸಿದ ಪ್ರಕರಣಕ್ಕೆ ಮಾತ್ರ ಈ ರಕ್ಷಣೆ ಇಲ್ಲ.

ಉತ್ತರದಲ್ಲಿ ಬೇಕಾದದ್ದು ನಾಲ್ಕೇ ಮಾತು: 0.4 ಮೀಟರ್ ಯಾವ ಬಿಂದುವಿನಿಂದ ಯಾವ ಬಿಂದುವಿಗೆ, ಯಾರು, ಯಾವ ದಿನ ಅಳೆದರು, ಚಿತ್ರ ಮತ್ತು ವಿಡಿಯೊದ ಮೂಲ ಫೈಲಿನ ಪ್ರತಿ ಕೊಡಿ, ನಮ್ಮ ಸಮ್ಮುಖದಲ್ಲಿ ಜಂಟಿ ಅಳತೆ ಮಾಡಿ ಮಹಜರು ಬರೆಯಿರಿ, ಅಲ್ಲಿಯವರೆಗೆ ದೃಢೀಕರಿಸಬೇಡಿ. ಮೂಲ ಫೈಲ್ ಅಂತಲೇ ಕೇಳಿ. ವಾಟ್ಸಾಪಿನಲ್ಲಿ ಫೋಟೊ ಆಗಿ ದಾಟಿ ಬಂದ ಚಿತ್ರದಲ್ಲಿ ದಿನಾಂಕ, ಸ್ಥಳದ ಎಕ್ಸಿಫ್ ಮಾಹಿತಿ ಉಳಿದಿರುವುದಿಲ್ಲ. ಮುಂದೆ ನ್ಯಾಯಾಲಯಕ್ಕೆ ಹೋದರೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63(4)ರ ಪ್ರಮಾಣಪತ್ರ, ಅದರಲ್ಲಿ ಫೈಲಿನ ಹ್ಯಾಶ್ ಮೌಲ್ಯ (ಫೈಲ್ ಬದಲಾಗಿಲ್ಲ ಎಂದು ತೋರಿಸುವ ಅಂಕಿ-ಅಕ್ಷರದ ಗುರುತು), ಎರಡೂ ಬೇಕಾಗುತ್ತವೆ.

ಪ್ರತಿಗಳಿಗಾಗಿ ಆರ್‌ಟಿಐ ಹಾಕಿ ಕಾಯುತ್ತ ಕೂರಬೇಡಿ. ಅದಕ್ಕೆ 30 ದಿನ, ನಿಮಗಿರುವುದು 15. ಅಂಚೆಯಲ್ಲೂ ಕಳಿಸಿ, ಕಚೇರಿಯ ಸ್ವೀಕೃತಿ ಮುದ್ರೆಯನ್ನೂ ಹಾಕಿಸಿಕೊಳ್ಳಿ.

ಮೇಲ್ನೋಟ

ಅಳತೆಪಟ್ಟಿಯವರು ಹೇಳಿದ್ದೆಲ್ಲ ಸರಿ, ಆದರೆ ಚಿತ್ರವನ್ನು ಪೂರ್ತಿ ತಳ್ಳಿಹಾಕಬೇಡಿ. ಎರಡು ಕಾಲದ ಚಿತ್ರ ಹೋಲಿಸಿ "ಇಲ್ಲಿ ಹೊಸದೇನೋ ಎದ್ದಿದೆ" ಅಂತ ಹೇಳುವುದರಲ್ಲಿ ಅದನ್ನು ಮೀರಿಸಿದ್ದಿಲ್ಲ. ಫ್ರಾನ್ಸಿನ ತೆರಿಗೆ ಇಲಾಖೆ ವೈಮಾನಿಕ ಚಿತ್ರಗಳನ್ನು ಕಂಪ್ಯೂಟರಿನಿಂದ ಜಾಲಾಡಿಸಿ 20,000ಕ್ಕೂ ಹೆಚ್ಚು ಘೋಷಿಸದ ಈಜುಕೊಳ ಹುಡುಕಿದ್ದನ್ನು 2022ರಲ್ಲಿ ಪ್ರಕಟಿಸಿತು. ಈಜುಕೊಳ ನೀಲಿ, ಮೇಲಿಂದ ಎದ್ದು ಕಾಣುತ್ತದೆ. ತಾರಸಿಯ ಮೇಲಿನ ನೀಲಿ ಶೀಟೂ ಹಾಗೆಯೇ, ಕ್ಷಮಿಸಿ.

ಎಂಜಿನಿಯರರ ಕಣ್ಣಿಗಿಂತ ಇದರ ಲಾಭ ಏನೆಂದರೆ ಬೀದಿಯಲ್ಲಿ ಇದ್ದಬದ್ದವರನ್ನೆಲ್ಲ ಒಂದೇ ಅಳತೆಯಲ್ಲಿ ನೋಡುತ್ತದೆ. ದೂರು ಬಂದ ಮನೆಯ ಮೇಲೆ ಮಾತ್ರ ಡ್ರೋನ್ ಹಾರಿದರೆ ಆ ಲಾಭ ಅಲ್ಲೇ ಸತ್ತಿತು. ಹಾಗಂತ "ಬೀದಿಯಲ್ಲಿ ಎಲ್ಲರೂ ಕಟ್ಟಿದ್ದಾರೆ" ಅಂತ ಉತ್ತರದಲ್ಲಿ ಬರೆಯಬೇಡಿ. ಇನ್ನೊಬ್ಬರ ಉಲ್ಲಂಘನೆ ನಿಮಗೆ ಹಕ್ಕು ಕೊಡುವುದಿಲ್ಲ.

ಮೂರನೇ ಪ್ರಶ್ನೆ: ಸ್ಟ್ರೀಟ್ ವ್ಯೂನಲ್ಲಿ "ಸಮಸ್ಯೆ ವರದಿ ಮಾಡಿ" ಒತ್ತಿ ಮನೆಯ ಮುಂಭಾಗ ಮಸುಕು ಮಾಡಿಸಬಹುದು. ಒಮ್ಮೆ ಮಾಡಿಸಿದರೆ ವಾಪಸ್ ತೆಗೆಯಲಾಗದು. ಉಪಗ್ರಹ ಚಿತ್ರಕ್ಕೆ ಆ ಸೌಲಭ್ಯ ಇಲ್ಲ. ಅಲ್ಲದೆ ನೋಟಿಸ್ ಬಂದ ಮೇಲೆ ಮಸುಕು ಮಾಡಿಸಿ ಪ್ರಯೋಜನವೇನು?

ತಾರಸಿಮನೆ

ಟೇಪ್ ಹಿಡಿದಾಯಿತು. ಎಡಬದಿ ಗಡಿಯಿಂದ ಗೋಡೆಗೆ 1.02, 1.01, 0.97. ಸಜ್ಜಾ 60 ಸೆಂ.ಮೀ., ನಕ್ಷೆಯಲ್ಲೂ ಅಷ್ಟೇ ಇದೆ. ತಾರಸಿ ಕೋಣೆಗೆ ಏನು ಮಾಡುವುದು? ಡ್ರೋನ್ ಮತ್ತೆ ಬಂದರೆ ಹಿಡಿಯಲು ಆ ಕಡೆಗೆ ಸಿಸಿಟಿವಿ ಹಾಕಿಸೋಣ ಅಂತಲೂ ಇದೆ.

ಕಡತ_ವಿಲೇವಾರಿ

ಕ್ಯಾಮೆರಾ ಪಕ್ಕದವರ ಕಿಟಕಿಯತ್ತ ತಿರುಗಿದರೆ ನಾಳೆ ಖಾಸಗಿತನದ ದೂರು ನಿಮ್ಮ ಮೇಲೆ ಬರುತ್ತದೆ. ಹಾಕಲೇಬೇಕಿದ್ದರೆ ರೆಕಾರ್ಡರಿನ ಮೆನುವಿನಲ್ಲಿ ಪ್ರೈವೆಸಿ ಮಾಸ್ಕ್ ಅಂತ ಇರುತ್ತದೆ. ಅವರ ಕಿಟಕಿ, ಬಾಗಿಲಿನ ಭಾಗಕ್ಕೆ ಕಪ್ಪು ಚೌಕ ಎಳೆದು ಅದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ನೋಟಿಸನ್ನು ಇಲ್ಲಿ ಹಾಕುವುದಾದರೆ ಖಾತೆ ಸಂಖ್ಯೆ, ಮೊಬೈಲ್ ಸಂಖ್ಯೆ, ಅಧಿಕಾರಿಯ ಸಹಿ ಮುಚ್ಚಿ ಹಾಕಿ.

ಅಳತೆಪಟ್ಟಿ

0.97 ಅಂದರೆ ಶೇ. 3 ಕೊರತೆ. ಅಲ್ಲಿ ಗೋಡೆಗೆ ಕಲ್ಲು ಹೊದಿಸಿದ್ದೀರಾ ನೋಡಿ. ಜಂಟಿ ಅಳತೆಯ ದಿನ ಮೂರೂ ಅಂಕಿಯನ್ನು ಮಹಜರಿನಲ್ಲಿ ಬರೆಸಿ, 0.97 ಅನ್ನೂ ಬಿಡಬೇಡಿ. ಅದನ್ನು ಮುಚ್ಚಿಟ್ಟು ಅವರೇ ಕಂಡುಹಿಡಿದರೆ ಉಳಿದ ಎರಡನ್ನೂ ಯಾರೂ ನಂಬುವುದಿಲ್ಲ.

ಕೋಣೆಯ ವಿಷಯದಲ್ಲಿ ಚಿತ್ರ ತಪ್ಪು ಹೇಳಿಲ್ಲ. ಮೆಟ್ಟಿಲ ಹೆಡ್‌ರೂಮ್, ನೀರಿನ ಟ್ಯಾಂಕನ್ನು ಮಹಡಿ ಅಂತ ಸಾಮಾನ್ಯವಾಗಿ ಎಣಿಸುವುದಿಲ್ಲ. ಬಾಗಿಲು, ಕಿಟಕಿ ಇರುವ ಕೋಣೆಯನ್ನು ಎಣಿಸುತ್ತಾರೆ. ಶೀಟ್ ಹೊದಿಸಿದ್ದರೂ ಅಷ್ಟೇ. 120 ಚದರಡಿ ಅಂದರೆ 1200ರ ನಿವೇಶನದಲ್ಲಿ ಎಫ್‌ಎಆರ್ (ನಿವೇಶನದ ವಿಸ್ತೀರ್ಣಕ್ಕೆ ಕಟ್ಟಿದ ಒಟ್ಟು ವಿಸ್ತೀರ್ಣದ ಅನುಪಾತ) 0.1 ಹೆಚ್ಚಾಯಿತು. ಮಂಜೂರಾದ ನಕ್ಷೆಯ ಎಫ್‌ಎಆರ್ ಕೋಷ್ಟಕ ನೋಡಿ. ಅಷ್ಟು ಜಾಗ ಉಳಿದಿದ್ದರೆ, ಎತ್ತರದ ಮಿತಿಯೂ ದಾಟದಿದ್ದರೆ, ಪರಿಷ್ಕೃತ ನಕ್ಷೆಗೆ ಅರ್ಜಿ ಹಾಕಿ ಅದರ ಪ್ರತಿಯನ್ನು ಉತ್ತರದ ಜೊತೆ ಲಗತ್ತಿಸಿ. ಉಳಿದಿಲ್ಲದಿದ್ದರೆ ವಿಚಾರಣೆಗೆ ಮೊದಲೇ ನೀವೇ ಬಿಚ್ಚಿಸಿ. ಶೀಟಿನ ಕೋಣೆ, ಇಬ್ಬರು ಒಂದು ದಿನದಲ್ಲಿ ಬಿಚ್ಚುತ್ತಾರೆ: ಮೊದಲು ಜೆ-ಹುಕ್ ಬೋಲ್ಟ್, ಆಮೇಲೆ ಶೀಟ್, ಕೊನೆಗೆ ಪರ್ಲಿನ್ (ಶೀಟ್ ಹೊತ್ತಿರುವ ಅಡ್ಡಪಟ್ಟಿ). ಕಂಬದ ಬೇಸ್ ಪ್ಲೇಟ್ ತೆಗೆದ ಕಡೆ ತಾರಸಿಯಲ್ಲಿ ಉಳಿಯುವ ಬೋಲ್ಟ್ ತೂತುಗಳಿಗೆ ಎಪಾಕ್ಸಿ ತುಂಬಿ ಮೇಲೆ ವಾಟರ್‌ಪ್ರೂಫ್ ಬಳಿಸಿ, ಇಲ್ಲದಿದ್ದರೆ ಮಳೆಗಾಲಕ್ಕೆ ಕೆಳಗಿನ ಕೋಣೆ ಸೋರುತ್ತದೆ. ಬಿಚ್ಚುವ ಮುಂಚೆ, ಬಿಚ್ಚಿದ ಮೇಲೆ ಒಂದೇ ಮೂಲೆಯಿಂದ ಫೋಟೊ ತೆಗೆದು, ಮೂಲ ಫೈಲನ್ನು ಇಟ್ಟುಕೊಂಡು, ಮುದ್ರಿತ ಪ್ರತಿ ಕೊಡಿ.