ಅಣ್ಣನ ಸಿಂಹಾಸನ ತಮ್ಮನಿಗೆ ಹೇಗೆ ಹೋಯಿತು? ಕಲ್ಯಾಣದ ಚಾಲುಕ್ಯರ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ: ಮೇಡಂ, ನೀವು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವರು, ಶಾಸನಗಳನ್ನೂ ಓದಿದವರು. ಅದಕ್ಕೇ ಕೇಳುತ್ತಿದ್ದೇನೆ. ಆರನೇ ವಿಕ್ರಮಾದಿತ್ಯ ಅಣ್ಣ ಎರಡನೇ ಸೋಮೇಶ್ವರನನ್ನು ಇಳಿಸಿ ರಾಜನಾದ. ಅಣ್ಣ ಕೆಟ್ಟವನಾಗಿದ್ದ, ಅದಕ್ಕೇ ಹೀಗಾಯಿತು ಅಂತ ಸ್ಕೂಲಿನಲ್ಲಿ ಓದಿದ ನೆನಪು. ಅದು ನಿಜವಾ?

ಉತ್ತರ: ಆ ಕಥೆ ನಮಗೆ ಬಂದದ್ದು ಬಿಲ್ಹಣನಿಂದ. ಅವನು ಕಾಶ್ಮೀರದಿಂದ ಬಂದ ಕವಿ. ವಿಕ್ರಮಾದಿತ್ಯನ ಆಸ್ಥಾನದಲ್ಲೇ ಇದ್ದುಕೊಂಡು ‘ವಿಕ್ರಮಾಂಕದೇವಚರಿತ’ ಬರೆದ. ಅನ್ನ ಹಾಕಿದ ರಾಜನ ಬಗ್ಗೆ ಕವಿ ಹೇಗೆ ಬರೆಯುತ್ತಾನೆ ಅಂತ ನಿಮಗೇ ಗೊತ್ತು.

ಅವನ ಪ್ರಕಾರ ಅಪ್ಪ ಒಂದನೇ ಸೋಮೇಶ್ವರನಿಗೆ ಎರಡನೇ ಮಗ ವಿಕ್ರಮಾದಿತ್ಯನನ್ನೇ ಯುವರಾಜ ಮಾಡುವ ಆಸೆ. ಮಗ ಬೇಡ ಎಂದ, ಅದು ಅಣ್ಣನ ಹಕ್ಕು ಎಂದ. ಆಮೇಲೆ ಪಟ್ಟಕ್ಕೆ ಬಂದ ಅಣ್ಣ ದಾರಿ ತಪ್ಪಿದ. ತಮ್ಮ ಬೇಸರದಿಂದ ಕಲ್ಯಾಣ ಬಿಟ್ಟು ಹೊರಟ. ಯುದ್ಧ ಮಾಡಲು ಹೇಳಿದ್ದೂ ಕನಸಿಗೆ ಬಂದ ಶಿವನೇ. ಗೆದ್ದ ಮೇಲೆ ರಾಜ್ಯವನ್ನು ಅಣ್ಣನಿಗೇ ವಾಪಸ್ ಕೊಡಲು ಹೊರಟರೆ ಶಿವ ಸಿಟ್ಟಾಗಿ ತಡೆದನಂತೆ! ಆಸೆಯಿಂದ ಕಿತ್ತುಕೊಂಡ ಅಂತ ಯಾರೂ ಅನ್ನಬಾರದು, ಅಷ್ಟು ಜಾಗ್ರತೆ. ಇಷ್ಟೊಂದು ಸಮಜಾಯಿಷಿ ಕೊಟ್ಟಿದ್ದಾನೆ ಅಂದರೆ ಆಗಲೂ ಜನ ಏನೋ ಮಾತಾಡಿಕೊಳ್ಳುತ್ತಿದ್ದರು ಅಂತಲೇ ನನ್ನ ಅನಿಸಿಕೆ.

ಪ್ರಶ್ನೆ: ಹಾಗಾದರೆ ಶಾಸನಗಳು ಏನು ಹೇಳುತ್ತವೆ?

ಉತ್ತರ: ಒಂದನೇ ಸೋಮೇಶ್ವರ 1068ರ ಮಾರ್ಚ್‌ನಲ್ಲಿ ಕುರುವತ್ತಿಯಲ್ಲಿ ತುಂಗಭದ್ರೆಗೆ ಇಳಿದು ಪ್ರಾಣ ಬಿಟ್ಟ. ಏಪ್ರಿಲ್‌ನಲ್ಲಿ ದೊಡ್ಡ ಮಗ ಪಟ್ಟಕ್ಕೆ ಬಂದ. ಭುವನೈಕಮಲ್ಲ ಅಂತ ಅವನ ಬಿರುದು. ಹೊಸ ರಾಜ ಕೂತ ಕೂಡಲೇ ಚೋಳರ ರಾಜ ವೀರರಾಜೇಂದ್ರ ಗುತ್ತಿ ಕೋಟೆಗೆ ಮುತ್ತಿಗೆ ಹಾಕಿದ. ಅವನನ್ನು ಹಿಮ್ಮೆಟ್ಟಿಸಿದ್ದಾಗಿ ಸೋಮೇಶ್ವರನ ಪಕ್ಷದವರ ಶಾಸನ ಹೇಳುತ್ತದೆ. ಗದಗದ ಹತ್ತಿರದ ಗಾವರವಾಡದ ಶಾಸನವನ್ನೂ ನೋಡಿ. ಹಿಂದೆ ಚೋಳರು ಸುಟ್ಟಿದ್ದ ಅಣ್ಣಿಗೇರಿಯ ಬಸದಿಯನ್ನು ಅವನ ಅಧಿಕಾರಿ ಲಕ್ಷ್ಮರಸ ಸರಿಮಾಡಿಸಿದ್ದು ಅದರಲ್ಲಿದೆ. ಅದು 1071-72ರ ಮಾತು. ಇಲ್ಲಿ ಕಾಣುವುದು ಆಡಳಿತ ನಡೆಸುತ್ತಿರುವ ಒಬ್ಬ ಸಾಮಾನ್ಯ ರಾಜ. ಬಿಲ್ಹಣ ಹೇಳುವ ಕೆಟ್ಟ ಅಣ್ಣ ಇಲ್ಲಿಲ್ಲ.

ಚೋಳರ ಶಾಸನಗಳು ಇನ್ನೂ ಖಾರ. ವೀರರಾಜೇಂದ್ರ ವಿಕ್ರಮಾದಿತ್ಯನಿಗೆ ಕಂಠಿಕೆ, ಅಂದರೆ ರಾಜಪದವಿಯ ಕೊರಳ ಹಾರ, ಕಟ್ಟಿದನಂತೆ. ರಟ್ಟಪಾಡಿ ಏಳೂವರೆ ಲಕ್ಷವನ್ನು, ಅಂದರೆ ಚಾಲುಕ್ಯ ರಾಜ್ಯವನ್ನೇ, ಗೆದ್ದು ಅವನಿಗೆ ಕೊಟ್ಟನಂತೆ. ಮಗಳನ್ನೂ ಕೊಟ್ಟು ಅಳಿಯನನ್ನಾಗಿ ಮಾಡಿಕೊಂಡ. ಚೋಳರದ್ದು ಜಂಬ ಜಾಸ್ತಿ, ನಿಜ. ಆದರೂ ಅಪ್ಪನ ಜೀವಮಾನದ ಶತ್ರುವಿಗೆ ವಿಕ್ರಮಾದಿತ್ಯ ಅಳಿಯನಾದದ್ದು ಸುಮ್ನೆ ಅಲ್ಲ.

ಪ್ರಶ್ನೆ (ಇನ್ನೊಬ್ಬರು): ಅಣ್ಣನೇ ರಾಜ ಅಂತ ನಿಯಮ ಇದ್ದ ಮೇಲೆ ತಮ್ಮನಿಗೆ ಇಷ್ಟು ಬಲ ಎಲ್ಲಿಂದ ಬಂತು ಮೇಡಂ?

ಉತ್ತರ: ನಿಜವಾದ ಪ್ರಶ್ನೆ ಇದೇ. ಬಲ ಕೊಟ್ಟವನು ಅಪ್ಪ. ರಾಜಕುಮಾರರಿಗೆ ಸೀಮೆಗಳನ್ನು ವಹಿಸಿಕೊಡುವುದು ಚಾಲುಕ್ಯರ ಪದ್ಧತಿ. ದೊಡ್ಡವನಿಗೆ ಬೆಳ್ವೊಲ 300, ಪುಲಿಗೆರೆ 300 ಸಿಕ್ಕಿತು (ಈ ಸಂಖ್ಯೆ ಆಗ ಸೀಮೆಯ ಹೆಸರಿನ ಜೊತೆಗೇ ಬರುತ್ತಿತ್ತು). ರಾಜ್ಯದ ನಡುವಿನ ಒಳ್ಳೆ ನೆಲ ಅದು. ವಿಕ್ರಮಾದಿತ್ಯನಿಗೆ ಗಂಗವಾಡಿ 96000, ಬನವಾಸಿ 12000. ಚೋಳರ ಗಡಿಯ ಕಡೆಯ ದೊಡ್ಡ ಸೀಮೆಗಳು. ವರ್ಷಗಟ್ಟಲೆ ಅಲ್ಲಿ ದಂಡು ನಡೆಸಿದವನಿಗೆ ಸಾಮಂತರೆಲ್ಲ ಪರಿಚಯ. ಸಮಯ ಬಂದಾಗ ಹೊಯ್ಸಳರು, ಗೋವೆಯ ಕದಂಬ ಜಯಕೇಶಿ, ಉಚ್ಚಂಗಿಯ ಪಾಂಡ್ಯರು ಅವನ ಕಡೆ ನಿಂತರು. ಅವನನ್ನು ಸಿಂಹಾಸನದ ಮೇಲೆ ಕೂರಿಸಿದ್ದು ನಾವೇ ಅಂತ ಸೇವುಣರು, ಅಂದರೆ ಯಾದವರು, ಆಮೇಲೆ ಶಾಸನದಲ್ಲೇ ಹೇಳಿಕೊಂಡರು. ನನ್ನ ಲೆಕ್ಕದಲ್ಲಿ ಸೋಮೇಶ್ವರ ಸೋತದ್ದು ಗುಣದಿಂದಲ್ಲ, ಸಾಮಂತರು ಕೈಬಿಟ್ಟದ್ದರಿಂದ.

ಕಾಂಚಿಯ ಕಥೆಯೂ ಇದಕ್ಕೆ ತಳುಕು ಹಾಕಿಕೊಂಡಿದೆ. 1070ರಲ್ಲಿ ವೀರರಾಜೇಂದ್ರ ತೀರಿಕೊಂಡ. ವಿಕ್ರಮಾದಿತ್ಯ ಚೋಳರ ಕಾಂಚಿಗೆ ಹೋಗಿ ಹೆಂಡತಿಯ ಸಹೋದರ ಅಧಿರಾಜೇಂದ್ರನಿಗೆ ಪಟ್ಟ ಕಟ್ಟಿಸಿ ಬಂದ. ಸ್ವಲ್ಪ ದಿನಕ್ಕೇ ದಂಗೆಯಲ್ಲಿ ಅವನ ಕೊಲೆಯಾಯಿತು. ಆಂಧ್ರ ಕರಾವಳಿಯ ವೆಂಗಿಯ ರಾಜೇಂದ್ರ ಚೋಳ ಸಿಂಹಾಸನ ಹಿಡಿದ. ಅವನೇ ಕುಲೋತ್ತುಂಗ. ಅವನ ಅಪ್ಪ ವೆಂಗಿಯ ಚಾಲುಕ್ಯ, ತಾಯಿ ಚೋಳರ ಮಗಳು! ಸೋಮೇಶ್ವರ ತಕ್ಷಣ ಕುಲೋತ್ತುಂಗನ ಜೊತೆ ಸೇರಿದ. ತಮ್ಮನನ್ನು ಎರಡೂ ಕಡೆಯಿಂದ ಅಮುಕುವ ಲೆಕ್ಕಾಚಾರ. ಅದು ಕೆಲಸ ಮಾಡಲಿಲ್ಲ. 1076ರಲ್ಲಿ ಸೋಮೇಶ್ವರ ಸೆರೆಯಾದ, ಕುಲೋತ್ತುಂಗ ಹಿಂದಕ್ಕೆ ಸರಿದ.

ಪ್ರಶ್ನೆ: ಅಲ್ಲಿಗೆ ಮನೆ ಜಗಳ ಮುಗಿಯಿತಾ?

ಉತ್ತರ: ಎಲ್ಲಿ! ಸೋಮೇಶ್ವರನ ವಿರುದ್ಧ ವಿಕ್ರಮಾದಿತ್ಯನ ಜೊತೆಗಿದ್ದ ಕೊನೆಯ ತಮ್ಮ ಜಯಸಿಂಹನಿಗೆ ಬನವಾಸಿ ಸಿಕ್ಕಿತ್ತು. ಕೆಲವು ವರ್ಷಕ್ಕೆ ಅವನೂ ತಿರುಗಿಬಿದ್ದ, ಸೋತ. ವಿಕ್ರಮಾದಿತ್ಯನೇ ದಾರಿ ತೋರಿಸಿದ್ದ, ಅಲ್ವಾ?

ಇನ್ನೊಂದು ತಮಾಷೆ. ವಿಜ್ಞಾನೇಶ್ವರ ‘ಮಿತಾಕ್ಷರಾ’ ಬರೆದದ್ದು ಇದೇ ವಿಕ್ರಮಾದಿತ್ಯನ ಕಲ್ಯಾಣದಲ್ಲಿ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಅಂತ ಹೇಳುವ ಪುಸ್ತಕ ಅದು. ಹೊಲವನ್ನಾದರೆ ಬದು ಹಾಕಿ ಪಾಲು ಮಾಡಬಹುದು, ಸಿಂಹಾಸನಕ್ಕೆ ಹಾಗೆ ಮಾಡಲು ಆಗುವುದಿಲ್ಲ.

ಪ್ರಶ್ನೆ (ಮತ್ತೊಬ್ಬರು): ನಮ್ಮೂರ ಗುಡಿಯ ಶಾಸನದ ಬೋರ್ಡಿನಲ್ಲಿ ‘ಚಾಲುಕ್ಯ ವಿಕ್ರಮ ವರ್ಷ’ ಅಂತ ಬರೆದಿದ್ದಾರೆ. ಅದು ಇವನದ್ದೇನಾ?

ಉತ್ತರ: ಹೌದು, ಇವನದ್ದೇ. ಗೆದ್ದವನು ಶಕ ವರ್ಷವನ್ನು ಬದಿಗಿಟ್ಟು ತನ್ನ ಪಟ್ಟದಿಂದಲೇ ಹೊಸ ಎಣಿಕೆ ಶುರು ಮಾಡಿದ. ಮೊದಲ ವರ್ಷ ಅಂದರೆ 1076-77. ಬೋರ್ಡಿನಲ್ಲಿರುವ ಸಂಖ್ಯೆಗೆ 1075 ಸೇರಿಸಿ, ಹೆಚ್ಚುಕಮ್ಮಿ ಇಸವಿ ಸಿಗುತ್ತದೆ. ಇಟಗಿಯ ಮಹಾದೇವ ದೇವಾಲಯದ ಶಾಸನ 1112ರದ್ದು, ಅಂದರೆ 37ನೇ ವರ್ಷ. ಅವನು 1126ರವರೆಗೆ ಆಳಿದ. ಹಾಗಾಗಿ ಬೋರ್ಡಿನಲ್ಲಿ 51ಕ್ಕಿಂತ ದೊಡ್ಡ ಸಂಖ್ಯೆ ಇದ್ದರೆ ಶಾಸನ ಅವನ ಕಾಲದ ನಂತರದ್ದು. ನಿಮ್ಮ ಬೋರ್ಡಿನಲ್ಲಿ ಎಷ್ಟಿದೆ?