ಅಪ್‌ಡೇಟ್: ಬೆಳಕು ತಾಳದ ಮೈಗ್ರೇನ್‌ಗೆ ಒಗ್ಗುವ ಕೆಲಸ

ಬೆಳಕು ಕಂಡರಾಗದ ಮೈಗ್ರೇನ್ ಇದ್ದವರು ಎಂಥ ಕೆಲಸ ಹುಡುಕಬೇಕು ಎಂದು ಕೇಳಿದ್ದೆ. ಉತ್ತರಗಳ ಸಾರ: ಹುದ್ದೆಗಿಂತ ಕೂರುವ ಜಾಗ ಮುಖ್ಯ.

ಹಳೇ ಚೋಕ್‌ನ ಟ್ಯೂಬ್‌ಲೈಟ್ 50 ಹರ್ಟ್ಸ್ ಕರೆಂಟಿನಲ್ಲಿ ಸೆಕೆಂಡಿಗೆ 100 ಸಲ ಮಿನುಗುತ್ತದೆ, ಈ ಮಿನುಗು ಮೈಗ್ರೇನ್ ಕೆರಳಿಸಬಹುದು. ಅಗ್ಗದ ಎಲ್‌ಇಡಿಗಳನ್ನೂ ನಂಬುವಂತಿಲ್ಲ. ಸಂದರ್ಶನಕ್ಕೆ ಹೋದಾಗ ಮೊಬೈಲಿನ ಸ್ಲೋ ಮೋಷನ್‌ನಲ್ಲಿ ದೀಪ ನೋಡಿ, ಪಟ್ಟೆ ಓಡಿದರೆ ಮಿನುಗು ಇದೆ. ಕಿಟಕಿ ಎದುರಿಗೋ ಬೆನ್ನಿಗೋ ಬರದೆ ಪಕ್ಕಕ್ಕೆ ಬರುವಂತೆ ಮೇಜು ಇರಲಿ. ಕೆಲವು ಮಾನಿಟರ್‌ಗಳು ಬ್ರೈಟ್‌ನೆಸ್ ಇಳಿಸಿದಾಗಲೇ ಮಿನುಗುವುದು, ವಿಚಿತ್ರ! ಒಳಗೆ ಕಪ್ಪು ಕನ್ನಡಕ ಬೇಡ, ಕಣ್ಣು ಕತ್ತಲೆಗೆ ಒಗ್ಗಿ ಬೆಳಕು ಇನ್ನಷ್ಟು ಚುಚ್ಚುತ್ತದೆ. ಎಫ್‌ಎಲ್-41 ಎಂಬ ಗುಲಾಬಿ ಛಾಯೆಯ ಗಾಜಿನ ಕನ್ನಡಕ ವಾಸಿ.

ಆಡಿಯೊ, ಫೋನ್ ಕೆಲಸ ಒಗ್ಗಬಹುದು. ಬದಲಾಗುವ ಪಾಳಿ ಬೇಡ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವರ್ಗಗಳಲ್ಲಿ ಮೈಗ್ರೇನ್ ಇಲ್ಲ. ಅದಕ್ಕೇ ವೈದ್ಯರ ಪತ್ರದಲ್ಲಿ "ಮಿನುಗದ, ಮಂದ ದೀಪ ಬೇಕು" ಎಂದೇ ಬರೆಸಿ.