ಮೊದಲ ಕಥಾಸಂಕಲನಕ್ಕೆ ಪ್ರಕಾಶಕರು ಹಣ ಕೇಳುತ್ತಿದ್ದಾರೆ: ಒಪ್ಪಿಕೊಳ್ಳಬೇಕೆ?

ಪ್ರಶ್ನೆ: ಹಾವೇರಿಯ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ಕೆಲವು ವರ್ಷಗಳಿಂದ ಸಣ್ಣಕಥೆಗಳನ್ನು ಬರೆಯುತ್ತಿದ್ದೇನೆ. ಅವುಗಳಲ್ಲಿ 14 ಕಥೆಗಳು ಉಳಿಸಿಕೊಳ್ಳುವಂಥವು ಎಂದು ನನಗೆ ಅನ್ನಿಸಿದೆ. ಐದು ಕಥೆಗಳು ದಿನಪತ್ರಿಕೆಗಳ ಭಾನುವಾರದ ಪುರವಣಿಗಳಲ್ಲಿ ಪ್ರಕಟವಾಗಿವೆ. ಒಬ್ಬ ಪ್ರಕಾಶಕರಿಗೆ ಹಸ್ತಪ್ರತಿ ಕಳಿಸಿದಾಗ ಅವರು ವಾರದೊಳಗೆ ಫೋನ್ ಮಾಡಿ, ಕಥೆಗಳು ಚೆನ್ನಾಗಿವೆ, ಮುದ್ರಣದ ಖರ್ಚಿಗೆ 60,000 ರೂಪಾಯಿ ಕೊಟ್ಟರೆ ಎರಡು ತಿಂಗಳಲ್ಲಿ ಪುಸ್ತಕ ಹೊರತರುತ್ತೇವೆ, ನಿಮಗೆ 100 ಪ್ರತಿ ಕೊಡುತ್ತೇವೆ ಎಂದರು. ಯಾವ ಕಥೆಯ ಬಗೆಗೂ ಒಂದು ಮಾತು ಆಡಲಿಲ್ಲ. ಕರಾರುಪತ್ರದ ವಿಷಯ ಕೇಳಿದ್ದಕ್ಕೆ, ನಮ್ಮಲ್ಲಿ ಎಲ್ಲವೂ ವಿಶ್ವಾಸದ ಮೇಲೆ ನಡೆಯುತ್ತದೆ ಎಂದರು. ಪುಸ್ತಕವನ್ನು ಕೈಯಲ್ಲಿ ಹಿಡಿಯುವ ಆಸೆ ನನಗೂ ಬಹಳವಿದೆ. ಆದರೆ ಹಣ ಕೊಡುವುದು ಸರಿಯೇ, ಅದಕ್ಕೂ ಮೊದಲು ಈ ಕಥೆಗಳು ಪುಸ್ತಕವಾಗುವಷ್ಟು ಮಾಗಿವೆಯೇ ಎಂಬುದನ್ನು ತಿಳಿಯುವುದು ಹೇಗೆ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ: ಧಾರವಾಡದ ಕನ್ನಡ ಅಧ್ಯಾಪಕ

ಮೇಡಂ, ಹಣದ ಲೆಕ್ಕಕ್ಕಿಂತ ಮೊದಲು ಒಂದು ಸಂಗತಿಯನ್ನು ಗಮನಿಸಿ. ಹೊಸ ಕಥೆಗಾರರಿಗೆ ಕನ್ನಡದಲ್ಲಿರುವ ಒಳ್ಳೆಯ ಅವಕಾಶಗಳಲ್ಲಿ ಹಲವು, ಅದು ಅವರ ಮೊದಲ ಪುಸ್ತಕವಾಗಿರಬೇಕು ಎಂಬ ಷರತ್ತಿಗೆ ಒಳಪಟ್ಟಿವೆ. ಕನ್ನಡ ಪುಸ್ತಕ ಪ್ರಾಧಿಕಾರವು ಯುವ ಬರಹಗಾರರ ಚೊಚ್ಚಲ ಕೃತಿಯ ಪ್ರಕಟಣೆಗೆ ಪ್ರೋತ್ಸಾಹಧನ ಕೊಡುತ್ತದೆ. ವಯೋಮಿತಿಯನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ನೋಡಿಕೊಳ್ಳಿ. ಛಂದ ಪುಸ್ತಕ ಪ್ರಕಾಶನದವರು ಇನ್ನೂ ಕಥಾಸಂಕಲನ ತರದವರಿಗಾಗಿ ಹಸ್ತಪ್ರತಿ ಸ್ಪರ್ಧೆ ನಡೆಸುತ್ತ ಬಂದಿದ್ದಾರೆ, ಗೆದ್ದ ಹಸ್ತಪ್ರತಿಯನ್ನು ತಾವೇ ಪುಸ್ತಕವಾಗಿ ತರುತ್ತಾರೆ. ಅವಸರಕ್ಕೆ ಒಂದು ಪುಸ್ತಕ ಅಚ್ಚಾಯಿತೆಂದರೆ ಈ ಬಾಗಿಲುಗಳು ನಿಮ್ಮ ಪಾಲಿಗೆ ಮುಚ್ಚಿದಂತೆಯೇ. ಕಥೆಗಳ ಬಗೆಗೆ ತುಟಿ ಬಿಚ್ಚದ ಪ್ರಕಾಶಕರಿಗಾಗಿ ಇಷ್ಟನ್ನು ಬಿಟ್ಟುಕೊಡಬೇಡಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಇನ್ನು ಕಥೆಗಳ ವಿಷಯ. ಪುರವಣಿಯ ಕಥೆಗೆ ಜಾಗದ ಕಟ್ಟುಪಾಡು ಇರುತ್ತದೆ. ಸಾವಿರದೈನೂರು ಪದಗಳ ಆಸುಪಾಸಿನಲ್ಲಿ ಮುಗಿಸಲೇಬೇಕಾದಾಗ ನಾವು ಮೊದಲು ಕತ್ತರಿಸುವುದು ಕಥೆಯ ನಡುಭಾಗವನ್ನು. ತವರಿನ ಆಸ್ತಿಯ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕುವ ತಂಗಿಯ ಕಥೆಯೊಂದಿದೆ ಎಂದುಕೊಳ್ಳಿ. ಅಳತೆಗೆ ಇಳಿಸುವಾಗ, ಅವಳು ಸಬ್‌ರಿಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೆ ಅಣ್ಣನ ಪಕ್ಕದಲ್ಲಿ ಕಾದು ಕುಳಿತ ಮಧ್ಯಾಹ್ನ ಬಿದ್ದುಹೋಗುತ್ತದೆ, ಏಕೆಂದರೆ ಅಲ್ಲಿ ಏನೂ ನಡೆಯುವುದಿಲ್ಲ. ಕೊನೆಗೆ ಉಳಿಯುವುದು ಸಹಿ ಮತ್ತು ಕಣ್ಣೀರು. ಆದರೆ ಅಣ್ಣ ಅವಳಿಗೂ ಒಂದು ಚಹಾ ತರಿಸಿದ್ದು, ಹೆಬ್ಬೆರಳಿಗೆ ಹತ್ತಿದ ಮಸಿಯನ್ನು ಒರೆಸಿಕೊಳ್ಳಲು ತನ್ನ ಕರವಸ್ತ್ರವನ್ನೇ ಚಾಚಿದ್ದು, ಅವಳು ಅದನ್ನು ಮಡಚಿ ಹಿಂದಿರುಗಿಸಿದ್ದು ಕಥೆಯಲ್ಲಿದ್ದರೆ, ಓದುಗನಿಗೆ ಆ ಅಣ್ಣನನ್ನು ದ್ವೇಷಿಸುವುದು ಸುಲಭವಾಗುವುದಿಲ್ಲ, ಕಥೆ ನಿಲ್ಲುವುದೂ ಅಲ್ಲಿಯೇ. ಪ್ರಕಟವಾದ ಐದೂ ಕಥೆಗಳ ಹಳೆಯ ಕರಡುಗಳನ್ನು ಹೊರತೆಗೆದು, ಕತ್ತರಿಗೆ ಹೋದದ್ದರಲ್ಲಿ ಯಾವುದು ಮರಳಿ ಬರಬೇಕು ಎಂದು ನೋಡಿ.

ಅದಾದ ಮೇಲೆ ಹದಿನಾಲ್ಕನ್ನೂ ಒಂದೇ ಪಟ್ಟಿಗೆ ಕುಳಿತು ಓದಿ. ಬಿಡಿಬಿಡಿಯಾಗಿ ಓದಿದಾಗ ಕಾಣದ ಪುನರಾವರ್ತನೆಗಳು ಆಗ ಎದ್ದು ಕಾಣುತ್ತವೆ: ಮೂರು ಕಥೆಗಳು ಸಾವಿನಲ್ಲಿ ಮುಗಿದಿರಬಹುದು, ನಾಲ್ಕರಲ್ಲಿ ಒಬ್ಬಳೇ ನಾಯಕಿ ಬೇರೆ ಹೆಸರಿನಲ್ಲಿ ಓಡಾಡುತ್ತಿರಬಹುದು. ಹತ್ತು ಉಳಿದರೂ ಸಾಕು. ಬಾನು ಮುಷ್ತಾಕ್ ಅವರಿಗೆ 2025ರ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ತಂದ ಇಂಗ್ಲಿಷ್ ಸಂಕಲನದಲ್ಲಿರುವುದು 12 ಕಥೆಗಳು. ಮೂರು ದಶಕಗಳಿಗೂ ಮೀರಿದ ಬರವಣಿಗೆಯಿಂದ ಅನುವಾದಕಿ ದೀಪಾ ಭಾಸ್ತಿ ಅವುಗಳನ್ನು ಆಯ್ದರು. ಹಾಗೆ ಆಯ್ದುಕೊಡಬಲ್ಲ, ನಿಮ್ಮ ಮನಸ್ಸಿಗೆ ನೋವಾದೀತೆಂದು ಹಿಂಜರಿಯದ ಒಬ್ಬ ಓದುಗರನ್ನು ಹುಡುಕಿಕೊಳ್ಳಿ. ಮುನ್ನುಡಿ ಬರೆಸುವ ಚಿಂತೆ ಆಮೇಲಿನದು.

ಉತ್ತರ: ಬೆಂಗಳೂರಿನ ವಕೀಲ

ಮೇಲಿನ ಸರ್ ಅವರ ಮಾತನ್ನು ಒಪ್ಪುತ್ತ, ಕಾನೂನಿನ ಕಡೆಯಿಂದ ಕೆಲವು ವಿಷಯ ಸೇರಿಸುತ್ತೇನೆ. ಕಥೆ ಬರೆದ ಕ್ಷಣದಿಂದಲೇ ಅದರ ಹಕ್ಕು ನಿಮ್ಮದು, ಅದಕ್ಕೆ ನೋಂದಣಿ ಕಡ್ಡಾಯವಲ್ಲ. ಲೇಖಕರ ಜೀವಿತಾವಧಿ ಮತ್ತು ಆನಂತರದ 60 ವರ್ಷಗಳವರೆಗೆ ಅದು ಉಳಿಯುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೆಯ ಕಲಮಿನ ಪ್ರಕಾರ, ಹಕ್ಕನ್ನು ಬೇರೆಯವರಿಗೆ ವರ್ಗಾಯಿಸುವುದಾದರೆ ಅದು ಲಿಖಿತವಾಗಿರಬೇಕು, ನಿಮ್ಮ ಸಹಿ ಇರಬೇಕು. ಪತ್ರದಲ್ಲಿ ಅವಧಿಯನ್ನು ಹೇಳದಿದ್ದರೆ 5 ವರ್ಷವೆಂದೂ, ಪ್ರದೇಶವನ್ನು ಹೇಳದಿದ್ದರೆ ಭಾರತವೆಂದೂ ತಿಳಿಯಲಾಗುತ್ತದೆ. ಆದ್ದರಿಂದ ಬಾಯಿಮಾತಿನ ಒಪ್ಪಂದದಲ್ಲಿ ನಿಮ್ಮ ಹಕ್ಕು ಕೈಬಿಡುವುದಿಲ್ಲ, ಆದರೆ ಕೊಟ್ಟ ಹಣಕ್ಕೆ ಎಷ್ಟು ಪ್ರತಿ ಅಚ್ಚಾದವು, ಎಷ್ಟು ಮಾರಾಟವಾದವು ಎಂದು ಕೇಳಲು ನಿಮ್ಮ ಬಳಿ ಆಧಾರವೂ ಇರುವುದಿಲ್ಲ.

ಮುಂದೆ ಯಾರೊಂದಿಗೆ ಕರಾರು ಮಾಡಿಕೊಂಡರೂ ಅದು ಮೊದಲ ಮುದ್ರಣದ ಇಷ್ಟು ಪ್ರತಿಗಳಿಗೆ ಎಂದು ಸೀಮಿತವಾಗಿರಲಿ, ಗೌರವಧನದ ಪ್ರಮಾಣ ಬರವಣಿಗೆಯಲ್ಲಿರಲಿ, ಅನುವಾದ, ಇ-ಪುಸ್ತಕ, ಆಡಿಯೊ ಮತ್ತು ಚಲನಚಿತ್ರದ ಹಕ್ಕುಗಳು ನಿಮ್ಮಲ್ಲಿಯೇ ಇರಲಿ. ಇನ್ನೊಂದನ್ನು ಹೆಚ್ಚಿನವರು ಮರೆಯುತ್ತಾರೆ: ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಪುಸ್ತಕ ಆಯ್ಕೆಯಾದರೆ ಆ ಹಣದಲ್ಲಿ ಲೇಖಕರ ಪಾಲೆಷ್ಟು? ಮುದ್ರಣದ ಪೂರ್ತಿ ವೆಚ್ಚವನ್ನು ನೀವೇ ಭರಿಸಿದ್ದರಂತೂ ಈ ಪ್ರಶ್ನೆಯನ್ನು ಬಿಡಲೇಬಾರದು.

ಉತ್ತರ: ಮೈಸೂರಿನ ಪುಟವಿನ್ಯಾಸಕಿ

ಪ್ರಕಾಶಕರು ಕೇಳಿದ ಮೊತ್ತ ಹೆಚ್ಚೋ ಕಡಿಮೆಯೋ ಎಂಬುದನ್ನು ನೀವೇ ಪರೀಕ್ಷಿಸಬಹುದು. ಕಥಾಸಂಕಲನಗಳಿಗೆ ಸಾಮಾನ್ಯವಾದ ಡೆಮಿ 1/8 ಅಳತೆಯ ಪುಸ್ತಕದಲ್ಲಿ ಒಂದು ಫಾರಂ (ಒಟ್ಟಿಗೆ ಅಚ್ಚಾಗಿ ಮಡಚುವ ಹಾಳೆ) ಎಂದರೆ 16 ಪುಟ. ಹತ್ತು-ಹನ್ನೆರಡು ಕಥೆಗಳ ಸಂಕಲನ ಸಾಮಾನ್ಯವಾಗಿ 128 ಪುಟ, ಅಂದರೆ 8 ಫಾರಂ ಆಗುತ್ತದೆ. 70 ಜಿಎಸ್‌ಎಂ ತೂಕದ ಕಾಗದ, ಬಣ್ಣದ ರಕ್ಷಾಪುಟ, 500 ಪ್ರತಿ ಎಂದು ಹೇಳಿ ಎರಡು ಮೂರು ಮುದ್ರಣಾಲಯಗಳಿಂದ ದರಪಟ್ಟಿ ತರಿಸಿಕೊಂಡರೆ ವ್ಯತ್ಯಾಸ ಗೊತ್ತಾಗುತ್ತದೆ. ಮುಂದೆ ಸ್ವಂತವಾಗಿ ಪ್ರಕಟಿಸುವ ಮನಸ್ಸಾದರೆ, ಪುಸ್ತಕವನ್ನು ಗುರುತಿಸುವ ಐಎಸ್‌ಬಿಎನ್ ಸಂಖ್ಯೆಯನ್ನು ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಲೇಖಕರಿಗೂ ಉಚಿತವಾಗಿಯೇ ಕೊಡುತ್ತದೆ, ಅದಕ್ಕೆಂದು ಯಾರಿಗೂ ದುಡ್ಡು ಕೊಡಬೇಡಿ.

ಹಸ್ತಪ್ರತಿಯನ್ನು ಯುನಿಕೋಡ್‌ನಲ್ಲಿಯೇ ಇಟ್ಟುಕೊಳ್ಳಿ. ಹಳೆಯ ‘ನುಡಿ’ ಅಥವಾ ‘ಬರಹ’ ತಂತ್ರಾಂಶಗಳ ಅಕ್ಷರಗಳಿಗೆ ಪರಿವರ್ತಿಸುವಾಗ ಅರ್ಕಾವತ್ತು ಜಾಗ ತಪ್ಪುತ್ತದೆ, ‘ಫೇಸ್‌ಬುಕ್’ ಎಂಬುದು ‘ಫೇಸ್ಬುಕ್’ ಆಗಿಬಿಡುತ್ತದೆ. ಕೊನೆಯ ಕರಡನ್ನು ಕಾಗದದ ಮೇಲೆ ತೆಗೆಸಿ ಓದದೆ ಅಚ್ಚಿಗೆ ಒಪ್ಪಿಗೆ ಕೊಡಬೇಡಿ.

ಹಾವೇರಿಯ ಶಿಕ್ಷಕಿ

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಆ ಪ್ರಕಾಶಕರಿಗೆ ಆಗುವುದಿಲ್ಲವೆಂದು ತಿಳಿಸುತ್ತೇನೆ. ಒಂದು ಸಂದೇಹ ಉಳಿಯಿತು: ಅಪ್ರಕಟಿತ ಒಂಬತ್ತು ಕಥೆಗಳನ್ನು ಓದುಗರ ಅಭಿಪ್ರಾಯಕ್ಕಾಗಿ ಅಲ್ಲಿಯವರೆಗೆ ಫೇಸ್‌ಬುಕ್‌ನಲ್ಲಿ ಹಾಕಬಹುದೇ?

ಧಾರವಾಡದ ಕನ್ನಡ ಅಧ್ಯಾಪಕ

ಬೇಡ ಮೇಡಂ. ಪತ್ರಿಕೆಗಳು ನಡೆಸುವ ದೀಪಾವಳಿ, ಯುಗಾದಿಗಳ ಕಥಾಸ್ಪರ್ಧೆಗಳ ನಿಯಮಗಳಲ್ಲಿ ಕಥೆ ಎಲ್ಲಿಯೂ ಪ್ರಕಟವಾಗಿರಬಾರದು ಎಂದಿರುತ್ತದೆ, ಜಾಲತಾಣಗಳೂ ಆ ಮಾತಿನಲ್ಲಿ ಸೇರುತ್ತವೆ. ಎರಡು ಒಳ್ಳೆಯ ಕಥೆಗಳನ್ನು ಸ್ಪರ್ಧೆಗೆಂದು ತೆಗೆದಿಡಿ, ತುಸು ದೀರ್ಘವಾದ ಒಂದನ್ನು ‘ಮಯೂರ’ ಮಾಸಪತ್ರಿಕೆಗೆ ಕಳಿಸಿ, ಉಳಿದವುಗಳನ್ನು ನೀವು ನಂಬುವ ಇಬ್ಬರಿಗೆ ಇಮೇಲ್‌ನಲ್ಲಿ ಕೊಟ್ಟು ಓದಿಸಿ.